ಮನುಷ್ಯ ಅಂದ್ರೆ 100 ವಾಟ್ ಬಲ್ಬಾ? ಸೆಖೆಯ ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಬಿಟ್ಟುಹೋದದ್ದೇನು

ಬೇಸಿಗೆ ಶುರುವಾದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸೆಖೆಯ ಬಗ್ಗೆ ಥರಾವರಿ ಮಾತುಗಳು ಓಡಾಡುತ್ತವೆ. ಅದರಲ್ಲಿ ಒಂದು ಬಗೆ ಹೀಗಿರುತ್ತದೆ: ಪ್ರತಿ ಮನುಷ್ಯನ ಮೈಯಿಂದ 100 ವಾಟ್ ಬಲ್ಬಿನಷ್ಟು ಶಾಖ ಹೊರಬರುತ್ತದೆ, ಹತ್ತು ಜನ ಒಂದು ಕೋಣೆಯಲ್ಲಿ ಕುಳಿತರೆ ಹೀಟರ್ ಹಚ್ಚಿಟ್ಟ ಹಾಗೆ. ಇದರ ಹಿಂದೆಯೇ ಬಾಲಂಗೋಚಿಗಳೂ ಬರುತ್ತವೆ. ಇಷ್ಟು ಜನಕ್ಕೆ ಇಷ್ಟು ಟನ್ ಎ.ಸಿ. ಬೇಕೇ ಬೇಕು. ಕೂಲರ್ ಹಾಕಿದರೆ ಬಾಗಿಲು ಮುಚ್ಚಿ. ಮೈಶಾಖದಿಂದಲೇ ಮೊಬೈಲ್ ಚಾರ್ಜ್ ಆಗುತ್ತದೆ.

ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಟ್ಟಡಗಳನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಈ ಊರುಗಳಲ್ಲಿ ಲೆಕ್ಕ ತಪ್ಪಿದರೆ ಕರೆಂಟ್ ಬಿಲ್ಲಿನ ಜೊತೆಗೆ ಆರೋಗ್ಯವೂ ಕೆಡುತ್ತದೆ.

ಚಿಕ್ಕ ಉತ್ತರ

100 ವಾಟ್ ಎಂಬ ಸಂಖ್ಯೆ ಸರಾಸರಿಯಾಗಿ ನಿಜ. ಆದರೆ ಆ ಶಾಖ ಯಾವ ರೂಪದಲ್ಲಿ ಕೋಣೆಗೆ ಸೇರುತ್ತದೆ, ಯಾರಿಂದ, ಎಷ್ಟು ಹೊತ್ತು, ದಿನದ ಯಾವ ಸಮಯದಲ್ಲಿ ಸೇರುತ್ತದೆ ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಬಾಗಿಲು ತೆರೆಯಬೇಕೋ ಮುಚ್ಚಬೇಕೋ, ಎ.ಸಿ. ಎಷ್ಟು ದೊಡ್ಡದು ಬೇಕು ಎಂಬುದೆಲ್ಲ ನಿಂತಿರುವುದು ಆ ಬಿಟ್ಟುಹೋದ ಭಾಗದ ಮೇಲೆ.

100 ವಾಟ್ ಎಲ್ಲಿಂದ ಬಂತು?

ಇದನ್ನು ನೀವೇ ಲೆಕ್ಕ ಹಾಕಬಹುದು. ದೊಡ್ಡವರೊಬ್ಬರು ದಿನಕ್ಕೆ ಸುಮಾರು 2,000 ಕಿಲೋಕ್ಯಾಲರಿಯಷ್ಟು ಊಟ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು, ಚಹಾ ಎಲ್ಲ ಸೇರಿ. ಒಂದು ಕಿಲೋಕ್ಯಾಲರಿ ಎಂದರೆ 4,184 ಜೂಲ್. ದಿನಕ್ಕೆ 86,400 ಸೆಕೆಂಡ್. ಗುಣಿಸಿ ಭಾಗಿಸಿದರೆ ಸೆಕೆಂಡಿಗೆ ಸುಮಾರು 97 ಜೂಲ್ ಬರುತ್ತದೆ. ಸೆಕೆಂಡಿಗೆ ಒಂದು ಜೂಲ್ ಅಂದರೆ ಒಂದು ವಾಟ್. ಉಂಡದ್ದರಲ್ಲಿ ಹೆಚ್ಚಿನ ಪಾಲು ಕೊನೆಗೆ ಶಾಖವಾಗಿಯೇ ಹೊರಬೀಳುವುದರಿಂದ, ದಿನವಿಡೀ ಸರಾಸರಿ 100 ವಾಟ್ ಎಂಬುದು ಸರಿಯಾದ ಅಂದಾಜು.

ಇದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಪಿಗ್ ಅನ್ನು ಸುತ್ತಲೂ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಇಟ್ಟು, ಎಷ್ಟು ಮಂಜು ಕರಗಿತು ಎಂಬುದರಿಂದ ಅದರ ಮೈಶಾಖ ಅಳೆದರು. ಉಸಿರಾಟ ಎಂದರೆ ಒಂದು ಬಗೆಯ ನಿಧಾನದ ಉರಿ ಎಂಬ ತಿಳಿವಳಿಕೆ ಬಂದದ್ದು ಆಗ. 1890ರ ದಶಕದಲ್ಲಿ ಅಮೆರಿಕದ ವಿಲ್ಬರ್ ಆಟ್‌ವಾಟರ್ ಮನುಷ್ಯರೇ ದಿನಗಟ್ಟಲೆ ಇರಬಹುದಾದ ಚಿಕ್ಕ ಕೋಣೆ ಕಟ್ಟಿಸಿ, ತಿಂದ ಅನ್ನದ ಶಕ್ತಿಗೂ ಹೊರಬಂದ ಶಾಖಕ್ಕೂ ತಾಳೆ ಹಾಕಿದರು. ಲೆಕ್ಕ ಕೂಡಿಬಂತು.

ಹಾಗಾಗಿ ಫಾರ್ವರ್ಡ್‌ನ ಮೊದಲ ಸಾಲಿಗೆ ಪೂರ್ತಿ ಅಂಕ ಕೊಡಬಹುದು. ತೊಂದರೆ ಶುರುವಾಗುವುದು ಎರಡನೇ ಸಾಲಿನಿಂದ.

ಎಲ್ಲರೂ ಒಂದೇ ಬಲ್ಬ್ ಅಲ್ಲ

ಕಟ್ಟಡಗಳ ಶಾಖದ ಲೆಕ್ಕ ಹಾಕುವ ಎಂಜಿನಿಯರ್‌ಗಳು "ಮೆಟ್" ಎಂಬ ಅಳತೆ ಬಳಸುತ್ತಾರೆ. 1941ರಲ್ಲಿ ಬಳಕೆಗೆ ಬಂದ ಅಳತೆ ಇದು. ಸುಮ್ಮನೆ ಕುಳಿತ ಮನುಷ್ಯನ ಮೈಯ ಪ್ರತಿ ಚದರ ಮೀಟರ್‌ನಿಂದ ಹೊರಬರುವ ಸುಮಾರು 58 ವಾಟ್ ಶಾಖ ಎಂದರೆ ಒಂದು ಮೆಟ್. 60 ಕಿಲೋ ತೂಕದ, ಐದೂವರೆ ಅಡಿಗೆ ಸ್ವಲ್ಪ ಕಡಿಮೆ ಎತ್ತರದವರ ಚರ್ಮದ ಹರವು ಸುಮಾರು 1.65 ಚದರ ಮೀಟರ್ ಆಗುತ್ತದೆ. ಗುಣಿಸಿದರೆ ಮತ್ತೆ 96 ವಾಟ್.

ಮಲಗಿ ನಿದ್ದೆ ಹೊಡೆಯುವವರದು ಇದರ ಶೇ. 70ರಷ್ಟು ಮಾತ್ರ. ಕಚೇರಿಯಲ್ಲಿ ಎದ್ದು ಕೂತು ಕೆಲಸ ಮಾಡುವವರದು 120-130 ವಾಟ್. ಮೆರವಣಿಗೆಯಲ್ಲಿ ಕುಣಿಯುವವರು 250 ದಾಟುತ್ತಾರೆ. 50 ಕಿಲೋ ಚೀಲ ಹೊರುವ ಕೆಲಸಕ್ಕೆ ಎಂಜಿನಿಯರ್‌ಗಳ ಕೋಷ್ಟಕದಲ್ಲಿ 4 ಮೆಟ್ ಎಂದು ಬರೆದಿದೆ. ಅಂದರೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಒಬ್ಬ ಹಮಾಲ ಸುಮಾರು 400 ವಾಟ್. ಅದೇ ಗಿರಣಿಯ ಆಫೀಸಿನಲ್ಲಿ ಕುಳಿತು ಲೆಕ್ಕ ಬರೆಯುವ ಮೂರ್ನಾಲ್ಕು ಜನರಿಗೆ ಸಮ. "ಗೋದಾಮಿನಲ್ಲಿ ಇಪ್ಪತ್ತು ಜನ ಇದ್ದಾರೆ" ಎಂದಷ್ಟೇ ಬರೆದರೆ ಎರಡು ಸಾವಿರ ವಾಟ್ ಎಂದೂ ಓದಬಹುದು, ಎಂಟು ಸಾವಿರ ಎಂದೂ ಓದಬಹುದು.

ಮಕ್ಕಳದು ಕಡಿಮೆ. ಗಂಡಸಿನ ಲೆಕ್ಕದ ಶೇ. 75ರಷ್ಟು ಎಂದು ಹಿಡಿಯುವುದು ರೂಢಿ. ಹೆಂಗಸರದು ಶೇ. 85 ಎಂದು ಹಿಡಿಯುತ್ತಾರೆ. ಆದರೆ ಕೋಣೆ ಎಷ್ಟು ತಂಪಿರಬೇಕು ಎಂಬ ಹಳೆಯ ಮಾನದಂಡಗಳು ಬಹುಪಾಲು ಒಬ್ಬ ಸಾಧಾರಣ ಗಂಡಸಿನ ದೇಹವನ್ನೇ ಅಳತೆಯಾಗಿ ಇಟ್ಟುಕೊಂಡಿದ್ದವು. ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು 2015ರಲ್ಲಿ "ನೇಚರ್ ಕ್ಲೈಮೇಟ್ ಚೇಂಜ್" ಪತ್ರಿಕೆಯಲ್ಲಿ ತೋರಿಸಿದಂತೆ, ಇದರಿಂದ ಹೆಂಗಸರ ಮೈಶಾಖವನ್ನು ಶೇ. 35ರವರೆಗೂ ಜಾಸ್ತಿ ಅಂದಾಜು ಮಾಡಿದಂತಾಗುತ್ತಿತ್ತು. ಎ.ಸಿ. ಆಫೀಸಿನಲ್ಲಿ ಹೆಂಗಸರು ಸೆರಗು ಹೊದ್ದು ಕೂರುವುದಕ್ಕೆ ಇದೂ ಒಂದು ಕಾರಣ. ಯಾರದೋ ಮೈಯ ಲೆಕ್ಕವನ್ನು ಇನ್ಯಾರದೋ ಕೋಣೆಗೆ ಹಾಕಿದರೆ ಹೀಗಾಗುತ್ತದೆ.

ಝಳ ಬೇರೆ, ಕುದಿ ಬೇರೆ

ಫಾರ್ವರ್ಡ್ ಬಿಟ್ಟುಬಿಡುವ ಅತಿ ಮುಖ್ಯ ಸಂಗತಿ ಇದು.

ನಮ್ಮ ಕಡೆ ಬಿಸಿಲಿನಿಂದ ಮುಖಕ್ಕೆ ಹೊಡೆಯುವ ಬಿಸಿಯನ್ನು ಝಳ ಅನ್ನುತ್ತೇವೆ. ಬೆವರು ಆರದೆ ಮೈ ಅಂಟಂಟಾಗಿ ಒದ್ದಾಡುವುದಕ್ಕೆ ಕುದಿ ಅನ್ನುತ್ತೇವೆ. ವಿಜ್ಞಾನವೂ ಹೆಚ್ಚುಕಡಿಮೆ ಹೀಗೆಯೇ ಬೇರ್ಪಡಿಸುತ್ತದೆ. ನಮ್ಮ ಮೈಯಿಂದ ಶಾಖ ಎರಡು ದಾರಿಯಲ್ಲಿ ಹೊರಬರುತ್ತದೆ. ಒಂದು ಒಣ ಶಾಖ. ಚರ್ಮ ತನಗಿಂತ ತಂಪಾದ ಗಾಳಿಗೂ ಗೋಡೆಗೂ ನೇರವಾಗಿ ಕೊಡುವ ಬಿಸಿ. ಎಂಜಿನಿಯರ್‌ಗಳು ಇದನ್ನು ಸೆನ್ಸಿಬಲ್ ಹೀಟ್ ಎನ್ನುತ್ತಾರೆ. ಇನ್ನೊಂದು ತೇವದ ಶಾಖ. ಬೆವರು ಮತ್ತು ಉಸಿರಿನ ತೇವ ಆವಿಯಾಗಿ ಹೊತ್ತೊಯ್ಯುವ ಬಿಸಿ. ಇದಕ್ಕೆ ಲೇಟೆಂಟ್ ಹೀಟ್ ಎನ್ನುತ್ತಾರೆ.

ಬಲ್ಬ್ ಕೊಡುವುದು ಒಣ ಶಾಖ ಮಾತ್ರ. ಮನುಷ್ಯ ಎರಡನ್ನೂ ಕೊಡುತ್ತಾನೆ, ಮತ್ತು ಕೋಣೆ ಬಿಸಿಯಾದಂತೆ ಎರಡರ ಪಾಲು ಬದಲಾಗುತ್ತದೆ. ಎ.ಸಿ. ಹಾಕಿದ 24 ಡಿಗ್ರಿಯ ಹಾಲ್‌ನಲ್ಲಿ ಸುಮ್ಮನೆ ಕುಳಿತವರ ಶಾಖದಲ್ಲಿ ಸುಮಾರು ಮೂರನೇ ಎರಡು ಪಾಲು ಒಣ ಶಾಖ. 30 ಡಿಗ್ರಿಯ ಹೊತ್ತಿಗೆ ಹೆಚ್ಚುಕಡಿಮೆ ಅರ್ಧರ್ಧ. ಚರ್ಮದ ಬಿಸಿ ಸಾಮಾನ್ಯವಾಗಿ 33ರಿಂದ 35 ಡಿಗ್ರಿ. ಗಾಳಿ ಅದನ್ನು ದಾಟಿತು ಎಂದರೆ ಒಣ ಶಾಖದ ದಾರಿ ಬಂದ್. ಶಾಖ ಯಾವಾಗಲೂ ಬಿಸಿಯ ಕಡೆಯಿಂದ ತಂಪಿನ ಕಡೆಗೇ ಹರಿಯುವುದರಿಂದ, 40 ಡಿಗ್ರಿಯ ಗಾಳಿ ತಿರುಗಿ ನಮ್ಮ ಮೈಗೇ ಬಿಸಿ ಕೊಡತೊಡಗುತ್ತದೆ. ಆಗ ಉಳಿಯುವುದು ಬೆವರಿನ ದಾರಿ ಒಂದೇ. ಒಳಗಿನ 100 ವಾಟ್ ಜೊತೆಗೆ ಹೊರಗಿನಿಂದ ಬಂದ ಬಿಸಿಯನ್ನೂ ಬೆವರೇ ಹೊರಹಾಕಬೇಕು.

ಮನೆಯ ಮಣ್ಣಿನ ಹರವಿ ನೆನಪಿಸಿಕೊಳ್ಳಿ. ಬೇಸಿಗೆಯ ಒಣ ಗಾಳಿಯಲ್ಲಿ ಅದರ ನೀರು ತಣ್ಣಗಿರುತ್ತದೆ. ಮಳೆಗಾಲದಲ್ಲಿ ಅದೇ ಹರವಿ ಅಷ್ಟು ತಂಪು ಮಾಡುವುದಿಲ್ಲ, ಏಕೆಂದರೆ ಗಾಳಿಯಲ್ಲಿ ಆಗಲೇ ತೇವ ತುಂಬಿರುತ್ತದೆ, ಹರವಿಯ ಮೇಲಿನ ನೀರು ಆರುವುದಿಲ್ಲ. ನಮ್ಮ ಮೈಯೂ ಒಂದು ಹರವಿಯೇ. ಸುತ್ತಲಿನ ಗಾಳಿ ಒಣಗಿದ್ದರೆ 40 ಡಿಗ್ರಿಯನ್ನೂ ಒಂದಷ್ಟು ಹೊತ್ತು ತಾಳಿಕೊಳ್ಳುತ್ತದೆ. ಗಾಳಿಯಲ್ಲಿ ತೇವ ತುಂಬಿದರೆ 34 ಡಿಗ್ರಿಯಲ್ಲೂ ಸೋಲುತ್ತದೆ.

ಮುಚ್ಚಿದ ಕೋಣೆಯ ಗಾಳಿಗೆ ಆ ತೇವ ತುಂಬುವವರು ಯಾರು? ಒಳಗೆ ಕುಳಿತ ನಾವೇ.

ಗಂಗಾವತಿಯ ಕಲ್ಯಾಣ ಮಂಟಪ: ಕೊಡಗಟ್ಟಲೆ ನೀರು

ಲೆಕ್ಕಕ್ಕೆಂದು ಒಂದು ಕಲ್ಯಾಣ ಮಂಟಪ ತೆಗೆದುಕೊಳ್ಳೋಣ. ಒಳಗೆ 500 ಜನ ಕುಳಿತಿದ್ದಾರೆ. ತಲೆಗೆ 100 ವಾಟ್‌ನಂತೆ 50,000 ವಾಟ್, ಅಂದರೆ 50 ಕಿಲೋವಾಟ್.

ಈಗ ತೇವದ ಲೆಕ್ಕ. ಒಂದು ಲೀಟರ್ ಬೆವರು ಆರಲು ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಒಳಗೆ 30 ಡಿಗ್ರಿ ಇದ್ದು, 100 ವಾಟ್‌ನಲ್ಲಿ ಅರ್ಧ ಬೆವರಿನಿಂದ ಹೋಗುತ್ತಿದ್ದರೆ, ಒಬ್ಬರು ಗಂಟೆಗೆ ಸುಮಾರು 75 ಮಿಲಿಲೀಟರ್ ನೀರನ್ನು ಗಾಳಿಗೆ ಸೇರಿಸುತ್ತಾರೆ. 500 ಜನ ಸೇರಿ 37 ಲೀಟರ್. ಗಂಟೆಗೆ ಸುಮಾರು ಮೂರು ಕೊಡ ನೀರನ್ನು ಹಾಲ್‌ನ ಗಾಳಿಗೆ ಸುರಿದ ಹಾಗೆ. ಒಳಗಿನ ಬಿಸಿ 35 ಡಿಗ್ರಿ ದಾಟಿದರೆ ಪೂರ್ತಿ 100 ವಾಟ್ ಬೆವರಿನಿಂದಲೇ ಹೋಗಬೇಕು. ಆಗ 75 ಲೀಟರ್, ಐದಾರು ಕೊಡ. ಅಡುಗೆಮನೆಯ ಉಗಿ ಇದಕ್ಕೆ ಇನ್ನೂ ಸೇರಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿ ಸುತ್ತ ಭತ್ತದ ಗದ್ದೆಗಳಿವೆ. ಗದ್ದೆಯಲ್ಲಿ ನೀರು ನಿಂತ ತಿಂಗಳುಗಳಲ್ಲಿ ಸುತ್ತಲಿನ ಗಾಳಿಯಲ್ಲೇ ತೇವ ಇರುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಬೇಸಾಯದ ಬಯಲಿನಲ್ಲಿ ಗಾಳಿ ಒಣ. ಜನ ಅಷ್ಟೇ, ಹಾಲ್ ಅಷ್ಟೇ ದೊಡ್ಡದು, ಥರ್ಮಾಮೀಟರ್ ತೋರಿಸುವ ಡಿಗ್ರಿಯೂ ಅಷ್ಟೇ ಎಂದುಕೊಂಡರೂ ಒಂದರಲ್ಲಿ ಕುದಿ ಹೆಚ್ಚು, ಇನ್ನೊಂದರಲ್ಲಿ ಝಳ ಹೆಚ್ಚು. ಪರಿಹಾರವೂ ಅದಕ್ಕೆ ತಕ್ಕಂತೆ ಬೇರೆ.

ಕುಷ್ಟಗಿಯ ತರಗತಿ: ತಪ್ಪು ಮಕ್ಕಳದಲ್ಲ, ತಗಡಿನದು

ಇನ್ನೊಂದು ಲೆಕ್ಕ. 20 ಅಡಿಗೆ 25 ಅಡಿಯ ತರಗತಿ ಕೋಣೆ, ಮೇಲೆ ತಗಡು, ಒಳಗೆ 40 ಮಕ್ಕಳು. ಮಗುವಿಗೆ 75 ವಾಟ್ ಹಿಡಿದರೆ 3,000 ವಾಟ್. ನೀರು ಕಾಯಿಸುವ 1,500 ವಾಟ್‌ನ ಎರಡು ರಾಡ್‌ಗಳಿಗೆ ಸಮ. ಇದೆಲ್ಲ ಒಣ ಶಾಖವಾಗಿ ಗಾಳಿಗೇ ಸೇರಿ, ಗೋಡೆ, ನೆಲ, ಬೆಂಚು ಯಾವುದೂ ಹೀರಿಕೊಳ್ಳದೆ, ಕಿಟಕಿಯನ್ನೂ ಮುಚ್ಚಿದ್ದರೆ ಗಾಳಿ ನಿಮಿಷಕ್ಕೆ ಸುಮಾರು ಒಂದು ಡಿಗ್ರಿ ಏರುತ್ತಿತ್ತು. ಹಾಗೆ ಏರದಿರುವುದು ಗೋಡೆ-ನೆಲ ಬಿಸಿಯನ್ನು ನುಂಗುವುದರಿಂದ ಮತ್ತು ಕಿಟಕಿಯಿಂದ ಗಾಳಿ ಆಡುವುದರಿಂದ.

ಇಷ್ಟು ಓದಿ "ಹಾಗಾದರೆ ಮಕ್ಕಳ ಗುಂಪಿನಿಂದಲೇ ಸೆಖೆ" ಎಂದು ತೀರ್ಮಾನಿಸಬೇಡಿ. ಅದೇ ಕೋಣೆಯ ಚಾವಣಿ ಸುಮಾರು 46 ಚದರ ಮೀಟರ್. ಬೇಸಿಗೆಯ ನಡುಮಧ್ಯಾಹ್ನ ಚದರ ಮೀಟರ್‌ಗೆ ಸುಮಾರು 900 ವಾಟ್ ಬಿಸಿಲು ಬೀಳುತ್ತದೆ. ಒಟ್ಟು 41,000 ವಾಟ್ ದಾಟಿತು. ಅದರಲ್ಲಿ ಹತ್ತನೇ ಒಂದು ಪಾಲು ಒಳಗೆ ಇಳಿದರೂ 4,000 ವಾಟ್, ನಲವತ್ತು ಮಕ್ಕಳ ಶಾಖಕ್ಕಿಂತ ಹೆಚ್ಚು. ಬಿಸಿಯಾದ ತಗಡು ಕೆಳಗೆ ಕುಳಿತವರ ತಲೆಗೆ ನೇರವಾಗಿಯೂ ಶಾಖ ಬೀರುತ್ತದೆ.

ಹಾಗಾಗಿ ಇಂಥ ಕೋಣೆಗೆ ಮೊದಲ ಕೆಲಸ ಚಾವಣಿಯದು. ತಗಡಿಗೆ ಬಿಳಿ ಬಣ್ಣ, ಆರ್‌ಸಿಸಿ ಚಾವಣಿಗೆ ದಪ್ಪಗೆ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಪಾಲು ಮೇಲಿಂದಲೇ ಹಿಂದಿರುಗುತ್ತದೆ. ಎರಡನೆಯದು ಮಕ್ಕಳ ಬೆವರಿನ ತೇವ ಹೊರಹೋಗಲು ಎತ್ತರದಲ್ಲಿ ಕಿಂಡಿ. ಇವೆರಡೂ ಆದ ಮೇಲೆ ಫ್ಯಾನ್ ಮಾತು.

ಎಷ್ಟು ಜನ ಎಂಬುದಕ್ಕಿಂತ ಯಾವಾಗ ಎಂಬುದು ಮುಖ್ಯ

ಕಟ್ಟಡದ ವಿದ್ಯುತ್ ಖರ್ಚನ್ನು ಕಟ್ಟುವ ಮೊದಲೇ ಕಂಪ್ಯೂಟರ್‌ನಲ್ಲಿ ಅಂದಾಜು ಮಾಡುವ ತಂತ್ರಾಂಶಗಳಿವೆ. ಅವುಗಳಿಗೆ ಜನರ ಶಾಖ ತಿಳಿಸಬೇಕಾದರೆ ಮೂರು ಸಂಗತಿ ಕೊಡಬೇಕು: ಎಷ್ಟು ಜನ, ಒಬ್ಬರಿಗೆ ಎಷ್ಟು ವಾಟ್, ಮತ್ತು ಗಂಟೆಗಂಟೆಗೆ ಎಷ್ಟು ಜನ ಒಳಗಿರುತ್ತಾರೆ ಎಂಬ ಸಮಯಪಟ್ಟಿ. ಭಾರತದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆಯಲ್ಲಿ ಇಂಥ ಮಾದರಿ ಸಮಯಪಟ್ಟಿಗಳಿವೆ. ಊರಿನ ಮಾಹಿತಿ ಇಲ್ಲದಿದ್ದಾಗ ಅವು ಉಪಯೋಗಕ್ಕೆ ಬರುತ್ತವೆ. ಆದರೆ ಎಲ್ಲ ಊರಿನ ಗಡಿಯಾರವೂ ಒಂದೇ ಅಲ್ಲ.

ಕೊಪ್ಪಳವನ್ನೇ ನೋಡಿ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಸರ್ಕಾರ ಬದಲಿಸುತ್ತ ಬಂದಿದೆ. ಬೆಂಗಳೂರಿನಲ್ಲಿ ಅದೇ ಇಲಾಖೆಯ ಕಚೇರಿ 10ರಿಂದ 5.30ರವರೆಗೆ ನಡೆಯುತ್ತಿರುತ್ತದೆ. ಬೆಂಗಳೂರಿನ ಸಮಯಪಟ್ಟಿಯನ್ನೇ ಕೊಪ್ಪಳದ ಕಟ್ಟಡಕ್ಕೆ ಹಾಕಿದರೆ, ಬಿಸಿಲು ಕಟ್ಟಡವನ್ನು ಸುಡುವ ಮಧ್ಯಾಹ್ನ 3 ಗಂಟೆಗೂ ಕಚೇರಿ ತುಂಬ ಜನ ಇದ್ದಾರೆ ಎಂದು ಕಂಪ್ಯೂಟರ್ ನಂಬುತ್ತದೆ. ಬೇಡದಷ್ಟು ದೊಡ್ಡ ಎ.ಸಿ. ಬೇಕೆಂದು ಉತ್ತರ ಕೊಡುತ್ತದೆ. ವೇಳೆ ಬದಲಿಸುವ ಒಂದು ಆದೇಶ, ಒಂದು ರೂಪಾಯಿಯ ಯಂತ್ರವೂ ಇಲ್ಲದೆ, ಜನರ ಶಾಖ ಮತ್ತು ಸೂರ್ಯನ ಶಾಖ ಒಂದೇ ಹೊತ್ತಿಗೆ ಸೇರದಂತೆ ನೋಡಿಕೊಳ್ಳುತ್ತದೆ.

ಯಲಬುರ್ಗಾ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲೂ ಇದೇ ಜಾಣತನ ಇತ್ತು. ದಪ್ಪ ಗೋಡೆ, ಜಂತಿಯ ಮೇಲೆ ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ. ಹಗಲಿಡೀ ಗೋಡೆ-ಮಾಳಿಗೆ ಬಿಸಿಯನ್ನು ಹೀರಿಕೊಂಡು ಒಳಗೆ ತಂಪಿಡುತ್ತಿದ್ದವು. ರಾತ್ರಿ ಆ ಬಿಸಿಯನ್ನು ಒಳಕ್ಕೆ ಬಿಡುವ ಹೊತ್ತಿಗೆ ಮನೆಮಂದಿಯೆಲ್ಲ ಹಾಸಿಗೆ ಎತ್ತಿಕೊಂಡು ಮಾಳಿಗೆ ಮೇಲೆ ಹೋಗಿ ಮಲಗುತ್ತಿದ್ದರು. ಆರು ಜನರ ಶಾಖ, ಆರು ಜನರ ಬೆವರು ಕೋಣೆಯ ಬದಲು ಆಕಾಶಕ್ಕೆ ಹೋಗುತ್ತಿತ್ತು. ಅದೇ ಮನೆಯಲ್ಲಿ ದನಗಳನ್ನೂ ಕಟ್ಟುತ್ತಿದ್ದವರಿಗೆ ಇನ್ನೊಂದು ಸಂಗತಿ ಗೊತ್ತು: ಒಂದು ಎತ್ತು ಹಲವು ಮನುಷ್ಯರಷ್ಟು ಶಾಖ ಕೊಡುತ್ತದೆ. ಚಳಿಗಾಲದಲ್ಲಿ ಅದು ಹಿತ, ಬೇಸಿಗೆಯಲ್ಲಿ ಕಷ್ಟ.

ಇನ್ನು ಮದುವೆ ಮನೆ. ಸಾವಿರ ಲಗ್ನಪತ್ರಿಕೆ ಹಂಚಿದರೂ ಸಾವಿರ ಜನ ದಿನವಿಡೀ ಹಾಲ್‌ನಲ್ಲಿ ಕೂರುವುದಿಲ್ಲ. ಅಕ್ಕಿಕಾಳು ಬೀಳುವ ಅರ್ಧ ಗಂಟೆ ಎಲ್ಲರೂ ಒಳಗೆ. ಆಮೇಲೆ ಅರ್ಧದಷ್ಟು ಜನ ಊಟದ ಹಾಲ್‌ಗೆ. ಸಂಜೆ ಹೊತ್ತಿಗೆ ಉಳಿಯುವವರು ಬೀಗರು ಮಾತ್ರ. ಆ ಅರ್ಧ ಗಂಟೆಗೆ ಸಾಕಾಗುವಷ್ಟು ಕಿಟಕಿ-ಬಾಗಿಲು ಬೇಕು. ಆ ಅರ್ಧ ಗಂಟೆಗೋಸ್ಕರ ದಿನವಿಡೀ ಓಡುವ ದೊಡ್ಡ ಯಂತ್ರ ಬೇಕೇ ಎಂಬುದು ಬೇರೆ ಪ್ರಶ್ನೆ.

ಬಾಲಂಗೋಚಿಗಳನ್ನು ಒಂದೊಂದಾಗಿ ನೋಡೋಣ

"ಇಷ್ಟು ಜನಕ್ಕೆ ಇಷ್ಟು ಟನ್ ಎ.ಸಿ. ಬೇಕೇ ಬೇಕು." ಅರ್ಧ ಸತ್ಯ. ಒಂದು ಟನ್ ಎಂದರೆ ಸುಮಾರು 3,500 ವಾಟ್ ಶಾಖವನ್ನು ಹೊರಹಾಕುವ ಶಕ್ತಿ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತ ಹೀರುವ ಶಾಖದಿಂದ ಈ ಹೆಸರು ಬಂತು. 500 ಜನರ 50,000 ವಾಟ್‌ಗೆ ಸುಮಾರು 14 ಟನ್. ಇದು ಜನರ ಪಾಲು ಮಾತ್ರ. ಚಾವಣಿ, ಕಿಟಕಿ, ದೀಪ, ಒಳಬರುವ ಹೊರಗಾಳಿ ಎಲ್ಲ ಬೇರೆ. ಆದ್ದರಿಂದ ತಲೆ ಎಣಿಸಿ ಟನ್ ಹೇಳುವುದು ಸಾಲದು. ಹಾಗೆಂದು ಬೇಕಾದ್ದಕ್ಕಿಂತ ಬಹಳ ದೊಡ್ಡ ಎ.ಸಿ. ಹಾಕಿದರೆ ಅದು ಬೇಗ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವ ತೆಗೆಯಲು ಸಮಯವೇ ಸಿಗುವುದಿಲ್ಲ. ತಣ್ಣಗಿದ್ದರೂ ಜಿಗುಟು ಹೋಗುವುದಿಲ್ಲ. ಎ.ಸಿ. ಪೈಪಿನಿಂದ ತೊಟ್ಟಿಕ್ಕುವ ನೀರು ಇದೆಯಲ್ಲ, ಅದರಲ್ಲಿ ಒಂದು ಪಾಲು ಒಳಗೆ ಕುಳಿತವರ ಬೆವರು ಮತ್ತು ಉಸಿರಿನದೇ.

"ಕೂಲರ್ ಹಾಕಿ ಬಾಗಿಲು ಮುಚ್ಚಿ." ತಪ್ಪು. ಕೂಲರ್ ಕೆಲಸ ಮಾಡುವುದೇ ನೀರನ್ನು ಆವಿ ಮಾಡಿ. ಜನರ ಬೆವರಿನ ತೇವದ ಮೇಲೆ ಕೂಲರ್‌ನ ತೇವವೂ ಸೇರಿ, ಹೊರಹೋಗಲು ದಾರಿ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕುದಿ ಶುರು. ಕೂಲರ್ ಅನ್ನು ಕಿಟಕಿಯ ಬಳಿ ಹೊರಗಾಳಿ ಎಳೆಯುವಂತೆ ಇಡಿ, ಎದುರಿನ ಕಿಟಕಿ ತೆರೆದಿಡಿ. ಒಣಗಾಳಿಯ ಊರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ತೇವದ ಗಾಳಿಯಲ್ಲಿ ಕಡಿಮೆ.

"ಫ್ಯಾನ್ ಕೋಣೆಯನ್ನು ತಂಪು ಮಾಡುತ್ತದೆ." ತಪ್ಪು. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ, ಅದೂ ಕೊನೆಗೆ ಶಾಖವಾಗಿ ಕೋಣೆಗೇ ಸೇರುತ್ತದೆ. ಲೆಕ್ಕದಲ್ಲಿ ಒಂದು ಫ್ಯಾನ್ ಅಂದರೆ ಇನ್ನೊಂದು ಮಗು. ಫ್ಯಾನ್ ತಂಪು ಮಾಡುವುದು ನಮ್ಮನ್ನು, ಬೆವರು ಬೇಗ ಆರಿಸಿ. ಯಾರೂ ಇಲ್ಲದ ಕೋಣೆಯಲ್ಲಿ ಅದು ಓಡುವುದು ದಂಡ. ಗಾಳಿಯ ಬಿಸಿ 40 ಡಿಗ್ರಿ ದಾಟಿದಾಗ ಫ್ಯಾನ್ ಮೈಯನ್ನು ಇನ್ನಷ್ಟು ಬಿಸಿ ಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ಅಂಥ ಹೊತ್ತಿನಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸಿಕೊಳ್ಳುವುದು, ತಂಪಾದ ಜಾಗಕ್ಕೆ ಹೋಗುವುದು ಮುಖ್ಯ.

"ಮೈಶಾಖದಿಂದ ಮೊಬೈಲ್ ಚಾರ್ಜ್ ಮಾಡಬಹುದು." ನಂಬಬೇಡಿ. ಶಾಖದಿಂದ ವಿದ್ಯುತ್ ಸಿಗಬೇಕಾದರೆ ಬಿಸಿ-ತಂಪಿನ ನಡುವೆ ಅಂತರ ಬೇಕು. ಚರ್ಮ 34 ಡಿಗ್ರಿ, ಕೋಣೆ 30 ಡಿಗ್ರಿ ಇದ್ದರೆ ಭೌತಶಾಸ್ತ್ರ ಅನುಮತಿಸುವ ಗರಿಷ್ಠ ಪಾಲು ಶೇ. 1.3. ಮೈಯೆಲ್ಲ ಯಂತ್ರ ಸುತ್ತಿಕೊಂಡರೂ ಒಂದು ವಾಟ್‌ನ ಆಸುಪಾಸು. ಕೊಪ್ಪಳದ ಮೇ ತಿಂಗಳ ಮಧ್ಯಾಹ್ನದಲ್ಲಂತೂ ಶಾಖ ಹರಿಯುವುದೇ ಉಲ್ಟಾ. 1998ರಲ್ಲಿ ಸೈಕೋ ಕಂಪನಿ ಮೈಶಾಖದಿಂದ ನಡೆಯುವ ಕೈಗಡಿಯಾರ ತಂದದ್ದು ನಿಜ. ಕೈಗಡಿಯಾರಕ್ಕೆ ಬೇಕಾದ ಶಕ್ತಿ ಮೊಬೈಲಿಗೆ ಹೋಲಿಸಿದರೆ ಲೆಕ್ಕಕ್ಕೇ ಸಿಗದಷ್ಟು ಚಿಕ್ಕದು.

"ಸ್ವೀಡನ್‌ನಲ್ಲಿ ಜನರ ಮೈಶಾಖದಿಂದ ಕಟ್ಟಡ ಬೆಚ್ಚಗಿಡುತ್ತಾರೆ." ಇದು ನಿಜ. ಸ್ಟಾಕ್‌ಹೋಮ್‌ನ ಸೆಂಟ್ರಲ್ ರೈಲು ನಿಲ್ದಾಣದ ಜನಸಂದಣಿಯಿಂದ ಬೆಚ್ಚಗಾದ ಗಾಳಿಯ ಶಾಖವನ್ನು ನೀರಿಗೆ ದಾಟಿಸಿ, ಪಕ್ಕದ ಕಟ್ಟಡಕ್ಕೆ ಕಳಿಸುತ್ತಾರೆ. ಅಲ್ಲಿ ಹೊರಗೆ ಹಿಮ, ಆ ಶಾಖ ಅವರಿಗೆ ಆಸ್ತಿ. ನಮ್ಮಲ್ಲಿ ಅದೇ ಶಾಖ ಹೊರಗೆ ಹಾಕಬೇಕಾದ ಹೊರೆ.

ಹಾಗಾದರೆ ಕಿಟಕಿ ತೆರೆಯಬೇಕಾ, ಮುಚ್ಚಬೇಕಾ?

ಇದಕ್ಕೆ ಒಂದೇ ಉತ್ತರ ಹೇಳುವ ಯಾವ ಫಾರ್ವರ್ಡ್ ಅನ್ನೂ ನಂಬಬೇಡಿ. ನಿರ್ಧರಿಸುವುದು ಜನರ ಲೆಕ್ಕ.

ದಪ್ಪ ಗೋಡೆಯ ಮನೆಯಲ್ಲಿ ನಾಲ್ಕು ಜನ ಇದ್ದೀರಿ, ಹೊರಗೆ 40 ಡಿಗ್ರಿ. ನಿಮ್ಮ ಶಾಖ 400 ವಾಟ್, ತೇವವೂ ಕಡಿಮೆ, ಗೋಡೆ ನುಂಗಿಕೊಳ್ಳುತ್ತದೆ. ಹೊರಗಿನ ಝಳವೇ ದೊಡ್ಡ ಶತ್ರು. ಮಧ್ಯಾಹ್ನ ಬಿಸಿಲು ಬೀಳುವ ಕಿಟಕಿ ಮುಚ್ಚಿ, ರಾತ್ರಿ ಮತ್ತು ಬೆಳಗಿನ ಜಾವ ಎಲ್ಲ ತೆರೆದಿಡಿ. ಹಿರಿಯರು ಮಾಡುತ್ತಿದ್ದುದು ಸರಿಯಾಗಿಯೇ ಇತ್ತು.

ಹಾಲ್‌ನಲ್ಲಿ 500 ಜನ, ಅಥವಾ ತರಗತಿಯಲ್ಲಿ 40 ಮಕ್ಕಳು, ಎ.ಸಿ. ಇಲ್ಲ. ಇಲ್ಲಿ ಒಳಗೆ ತುಂಬುವ ತೇವವೇ ದೊಡ್ಡ ಶತ್ರು. ಹೊರಗಾಳಿ ಬಿಸಿಯಾಗಿದ್ದರೂ ಒಣಗಿದೆ, ಬೆವರು ಆರಿಸುತ್ತದೆ. ನೆರಳಿರುವ ಕಡೆಯ ಕಿಟಕಿ ಮತ್ತು ಎತ್ತರದ ಕಿಂಡಿಗಳನ್ನು ತೆರೆದಿಡಲೇಬೇಕು. ಸಾಧ್ಯವಾದರೆ ಗಾಳಿಯನ್ನು ಹೊರಗೆಳೆಯುವ ಫ್ಯಾನ್ ಹಾಕಿಸಿ. ಅದಕ್ಕಿಂತ ಒಳ್ಳೆಯದು, ಮಧ್ಯಾಹ್ನ 12ರಿಂದ 3ರ ನಡುವೆ ಅಷ್ಟು ಜನರನ್ನು ಅಲ್ಲಿ ಸೇರಿಸದಿರುವುದು.

ನಿಮ್ಮ ಕೋಣೆಗೆ ನೀವೇ ಲೆಕ್ಕ ಹಾಕಿ

1. ಒಂದೇ ಹೊತ್ತಿಗೆ ಅತಿ ಹೆಚ್ಚು ಎಷ್ಟು ಜನ ಇರುತ್ತಾರೆ ಎಂದು ಎಣಿಸಿ. ದಿನಕ್ಕೆ ಬಂದುಹೋಗುವವರ ಒಟ್ಟು ಸಂಖ್ಯೆ ಬೇಡ.

2. ಕುಳಿತವರಿಗೆ 100, ಮಕ್ಕಳಿಗೆ 75, ಓಡಾಡಿ ಕೆಲಸ ಮಾಡುವವರಿಗೆ 130, ಭಾರ ಹೊರುವವರಿಗೆ 400 ವಾಟ್ ಎಂದು ಗುಣಿಸಿ.

3. ಆ ಸಂಖ್ಯೆ ದಿನದ ಯಾವ ಗಂಟೆಗಳಲ್ಲಿ ಬರುತ್ತದೆ ಎಂದು ಬರೆಯಿರಿ. ಮಧ್ಯಾಹ್ನದ ಬಿಸಿಲಿನ ಹೊತ್ತಿಗೇ ಬಿದ್ದರೆ ಮೊದಲು ಸಮಯ ಬದಲಿಸಲು ಆಗುತ್ತದೆಯೇ ನೋಡಿ.

4. ಚಾವಣಿಯ ಚದರ ಮೀಟರ್ ಲೆಕ್ಕ ಹಾಕಿ 90ರಿಂದ ಗುಣಿಸಿ. ತಗಡಿನ ಚಾವಣಿಗೆ ಇದು ಕಡಿಮೆ ಎನ್ನಬಹುದಾದ ಅಂದಾಜು. ಇದು ಜನರ ಶಾಖಕ್ಕಿಂತ ಹೆಚ್ಚಿದ್ದರೆ ದುಡ್ಡು ಮೊದಲು ಚಾವಣಿಗೆ ಖರ್ಚಾಗಲಿ.

5. ಎ.ಸಿ. ಮಾರುವವರು ಬಂದಾಗ ಈ ಚೀಟಿ ತೋರಿಸಿ. ಜನರನ್ನು ಹೇಗೆ ಎಣಿಸಿದಿರಿ, ತೇವದ ಲೆಕ್ಕ ಹಿಡಿದಿದ್ದೀರಾ ಎಂದು ಕೇಳಿ.

ಇದು ಜೀವದ ಲೆಕ್ಕವೂ ಹೌದು

ತುಂಬಿದ ಕೋಣೆಯಲ್ಲಿ ಯಾರಿಗಾದರೂ ತಲೆಸುತ್ತು, ತಲೆನೋವು, ವಾಕರಿಕೆ, ವಿಪರೀತ ಸುಸ್ತು ಕಂಡರೆ ಕೂಡಲೇ ಹೊರಗಿನ ನೆರಳಿಗೆ ಕರೆದೊಯ್ಯಿರಿ. ಬಿಗಿ ಬಟ್ಟೆ ಸಡಿಲಿಸಿ, ಮೈಗೆ ನೀರು ಹಚ್ಚಿ ಗಾಳಿ ಬೀಸಿ, ಎಚ್ಚರವಿದ್ದರೆ ನೀರು ಅಥವಾ ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ಗೊಂದಲವಾದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ ಇರಬಹುದು. ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೂ ಮೈ ತಂಪು ಮಾಡುತ್ತಲೇ ಇರಿ. ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ಚೀಲ ಹೊರುವಂಥ ಭಾರಿ ಕೆಲಸದವರು ಬೇಗ ಸೋಲುತ್ತಾರೆ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

ಕುಳಿತ ಮನುಷ್ಯ ಸುಮಾರು 100 ವಾಟ್ ಶಾಖ ಕೊಡುತ್ತಾನೆ, ನಿಜ. ಬೇಸಿಗೆಯಲ್ಲಿ ಅದರ ಹೆಚ್ಚಿನ ಪಾಲು ಬೆವರಾಗಿ ಗಾಳಿಗೆ ಸೇರುತ್ತದೆ. ಜನ ಕಡಿಮೆ ಇದ್ದರೆ ಮಧ್ಯಾಹ್ನ ಕಿಟಕಿ ಮುಚ್ಚಿ, ಎ.ಸಿ. ಇಲ್ಲದೆ ಜನ ತುಂಬಿದ್ದರೆ ನೆರಳಿನ ಕಡೆ ತೆರೆಯಿರಿ. ಕೂಲರ್ ಹಾಕಿದಾಗ ಎದುರಿನ ಕಿಟಕಿ ತೆರೆದಿಡಿ. ಚಾವಣಿಗೆ ಸುಣ್ಣ ಬಳಿಯಿರಿ. ನಡುಮಧ್ಯಾಹ್ನ ಮಕ್ಕಳನ್ನು ತಗಡಿನ ಕೆಳಗೆ ಕೂರಿಸಬೇಡಿ.